ಸೆಂಟರ್ ಸ್ಪೀಕರ್ ಆರಿಸುವ ಮುನ್ನ ತಿಳಿದಿರಬೇಕಾದದ್ದು

ಮನೆಯಲ್ಲಿ ಸಿನಿಮಾ ನೋಡುವವರಿಂದ ಪದೇ ಪದೇ ಕೇಳಿಬರುವ ದೂರೊಂದಿದೆ. ಹೊಡೆದಾಟ ಶುರುವಾದರೆ ಕಿವಿ ಗಡಚಿಕ್ಕುತ್ತದೆ. ಪಾತ್ರಗಳು ಮಾತಿಗೆ ತೊಡಗಿದರೆ ಏನು ಹೇಳುತ್ತಿದ್ದಾರೆಂಬುದೇ ತಿಳಿಯುವುದಿಲ್ಲ. ದನಿ ಏರಿಸಿ, ಇಳಿಸಿ, ಮತ್ತೆ ಏರಿಸಿ ಸಾಕಾದವರು ಕೊನೆಗೆ ಅಡಿಬರಹ ಹಾಕಿಕೊಂಡು ನೋಡುತ್ತಾರೆ. ಟಿವಿಗಳು ತೆಳ್ಳಗಾದಷ್ಟೂ ಅವುಗಳೊಳಗಿನ ಸ್ಪೀಕರ್‌ಗಳಿಗೆ ಜಾಗ ಕಡಿಮೆಯಾಗುತ್ತ ಬಂದಿರುವುದು ಇದಕ್ಕೆ ಒಂದು ಕಾರಣ. ಹಾಗಾಗಿಯೇ, ಹಿಂದೆ ಇಂಥ ಗೊಡವೆಗೆ ಹೋಗದಿದ್ದವರೂ ಈಗ ಪ್ರತ್ಯೇಕ ಸ್ಪೀಕರ್‌ಗಳನ್ನು ಕೂಡಿಸಿ ಹೋಂ ಥಿಯೇಟರ್ ಮಾಡಿಕೊಳ್ಳುವ ಯೋಚನೆಗೆ ಬಂದಿದ್ದಾರೆ.

ಹಾಗೆ ಹೊರಟವರ ಗಮನವೆಲ್ಲ ಸಾಮಾನ್ಯವಾಗಿ ಎಡಬಲದ ಎತ್ತರದ ಸ್ಪೀಕರ್‌ಗಳ ಮೇಲೂ ನೆಲ ನಡುಗಿಸುವ ಸಬ್‌ವೂಫರ್ ಮೇಲೂ ಇರುತ್ತದೆ. ಟಿವಿಯ ಕೆಳಗೆ ಅಡ್ಡಲಾಗಿ ಮಲಗುವ ಸೆಂಟರ್ ಸ್ಪೀಕರ್ ಉಳಿದ ಹಣದಲ್ಲಿ, ಉಳಿದ ಜಾಗಕ್ಕೆ ಹೊಂದುವಂತೆ ಬರುತ್ತದೆ. ಆದರೆ ಸಿನಿಮಾದ ಮಾತು ಬಹುಮಟ್ಟಿಗೆ ಹೊರಡುವುದು ಆ ಒಂದು ಪೆಟ್ಟಿಗೆಯಿಂದಲೇ. ಅದನ್ನು ಆರಿಸುವಾಗ ಗಾತ್ರ ಮತ್ತು ವ್ಯಾಟ್‌ಗಳಿಗಿಂತ ಮುಖ್ಯವಾದ ಪ್ರಶ್ನೆಗಳು ಎರಡು: ಎಡಬಲದ ಸ್ಪೀಕರ್‌ಗಳ ಜೊತೆ ಅದರ ದನಿ ಬೆರೆಯುತ್ತದೆಯೇ, ಮತ್ತು ಸೋಫಾದ ತುದಿಯಲ್ಲಿ ಕುಳಿತವರಿಗೂ ಅದು ನಡುವಿನವರಿಗೆ ಕೇಳಿಸಿದಂತೆಯೇ ಕೇಳಿಸುತ್ತದೆಯೇ. ಎರಡನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ.

## ಚಾನೆಲ್ ಎಂದರೇನು, ನಡುವಿನದು ಏಕೆ

ಚಾನೆಲ್ ಎಂದರೆ ಒಂದು ಸ್ಪೀಕರ್‌ಗೆಂದೇ ಪ್ರತ್ಯೇಕವಾಗಿ ಮುದ್ರಿಸಿಟ್ಟ ಧ್ವನಿ. 5.1 ಎಂದು ಬರೆದಿದ್ದರೆ ಐದು ಪೂರ್ಣ ಚಾನೆಲ್‌ಗಳಿವೆ ಎಂದರ್ಥ: ಮುಂದೆ ಎಡ, ನಡು, ಬಲ, ಪಕ್ಕದಲ್ಲೋ ಹಿಂದೆಯೋ ಎರಡು ಸರೌಂಡ್. ಚುಕ್ಕೆಯ ಮುಂದಿನ 1 ಎಂಬುದು ಸ್ಫೋಟ, ಗುಡುಗಿನಂಥ ತೀರಾ ತಗ್ಗಿನ ಸದ್ದುಗಳಿಗೆ ಮೀಸಲಾದದ್ದು. ಅದು ಸಬ್‌ವೂಫರ್‌ಗೆ ಹೋಗುತ್ತದೆ. 7.1 ಆದರೂ, ಮೇಲ್ಛಾವಣಿಯ ಸ್ಪೀಕರ್‌ಗಳು ಸೇರಿ 7.1.4 ಆದರೂ, ನಡುವಿನ ಚಾನೆಲ್ ಮಾತ್ರ ಒಂದೇ. ಸಿನಿಮಾದ ಧ್ವನಿ ಮಿಶ್ರಣ ಮಾಡುವವರು ಪಾತ್ರಗಳ ಮಾತನ್ನು ಬಹುಪಾಲು ಅದರಲ್ಲೇ ಇಡುತ್ತಾರೆ. ಜೊತೆಗೆ ತೆರೆಯ ನಡುವೆ ನಡೆಯುವ ಹೆಜ್ಜೆ ಸದ್ದು, ಬಾಗಿಲ ಸದ್ದು, ಸಂಗೀತದ ಒಂದು ಪಾಲು ಕೂಡ ಅದರಲ್ಲಿರುತ್ತದೆ.

ನಡುವಿನ ಸ್ಪೀಕರ್ ಮನೆಯ ಟಿವಿಗಾಗಿ ಹುಟ್ಟಿದ್ದಲ್ಲ. 1933ರ ಏಪ್ರಿಲ್‌ನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಫಿಲಡೆಲ್ಫಿಯಾದಲ್ಲಿ ನುಡಿಸುತ್ತಿದ್ದ ವಾದ್ಯವೃಂದದ ಸಂಗೀತವನ್ನು ತಂತಿಯ ಮೂಲಕ ವಾಷಿಂಗ್ಟನ್‌ನ ಸಭಾಂಗಣವೊಂದಕ್ಕೆ ಕಳುಹಿಸಿ ಕೇಳಿಸಿದಾಗ ಬಳಸಿದ್ದು ಎಡ, ನಡು, ಬಲವೆಂಬ ಮೂರು ಚಾನೆಲ್‌ಗಳನ್ನು. ಮನೆಗಳಲ್ಲಿ ಸ್ಟೀರಿಯೊ ಎರಡೇ ಚಾನೆಲ್‌ಗೆ ನಿಂತದ್ದಕ್ಕೆ ಗ್ರಾಮಫೋನ್ ತಟ್ಟೆಯ ಕೊರಕಲಿನಲ್ಲಿ ಎರಡು ಚಾನೆಲ್ ಮುದ್ರಿಸುವುದು ಸುಲಭವಾಗಿದ್ದುದು ಒಂದು ದೊಡ್ಡ ಕಾರಣ. ಕೊರಕಲಿಗೆ ಗೋಡೆಗಳಿರುವುದು ಎರಡೇ. ಚಿತ್ರಮಂದಿರಗಳಿಗೆ ಆ ಕಟ್ಟು ಇರಲಿಲ್ಲ. ಅಲ್ಲಿ ಸಣ್ಣ ಸಣ್ಣ ರಂಧ್ರಗಳಿರುವ ತೆರೆಯ ಹಿಂದೆ ನಡುವಿನ ಸ್ಪೀಕರ್ ಇತ್ತು, ಈಗಲೂ ಇದೆ. 1970ರ ದಶಕದ ನಡುಭಾಗದಲ್ಲಿ ಬಂದ ಡಾಲ್ಬಿ ಸ್ಟೀರಿಯೊ ನಾಲ್ಕು ಚಾನೆಲ್‌ಗಳನ್ನು ಎರಡರೊಳಗೆ ಅಡಕ ಮಾಡಿ ಫಿಲ್ಮಿನ ಮೇಲೆ ಮುದ್ರಿಸಿತು. ಅದನ್ನು ಮನೆಯಲ್ಲಿ ಬಿಡಿಸಿ ನಡುವಿನ ಚಾನೆಲನ್ನು ಹೊರತೆಗೆಯುವ ಡಾಲ್ಬಿ ಪ್ರೊ ಲಾಜಿಕ್ ಬಂದದ್ದು 1987ರಲ್ಲಿ. ಡಾಲ್ಬಿ ಡಿಜಿಟಲ್ 1992ರಲ್ಲಿ ಚಿತ್ರಮಂದಿರಗಳಿಗೆ ಬಂದು, ಆಮೇಲೆ ಮನೆಗಳಿಗೂ ಇಳಿದ ಮೇಲೆ ಬಿಡಿಸುವ ಅಗತ್ಯವೂ ಹೋಯಿತು. ಪ್ರತಿ ಚಾನೆಲ್ ತನ್ನಷ್ಟಕ್ಕೆ ಬೇರೆಯಾಗಿಯೇ ಬರತೊಡಗಿತು.

## ಎರಡು ಸ್ಪೀಕರ್‌ಗಳಿಂದ ನಡುವಿನ ದನಿ ಬರುವುದಿಲ್ಲವೇ

ಬರುತ್ತದೆ. ಎಡ ಮತ್ತು ಬಲದ ಸ್ಪೀಕರ್‌ಗಳಲ್ಲಿ ಒಂದೇ ದನಿಯನ್ನು ಸಮನಾಗಿ ನುಡಿಸಿದರೆ, ಸರಿಯಾಗಿ ನಡುವೆ ಕುಳಿತವರಿಗೆ ಅದು ಏನೂ ಇಲ್ಲದ ನಡುಜಾಗದಿಂದ ಬಂದಂತೆ ಕೇಳಿಸುತ್ತದೆ. ಹಾಡುಗಾರರ ದನಿ ಸ್ಟೀರಿಯೊದಲ್ಲಿ ನಡುವೆ ನಿಲ್ಲುವುದು ಹೀಗೆಯೇ. ಆದರೆ ಈ ಭ್ರಮೆ ನಿಲ್ಲುವುದು ಎರಡೂ ಸ್ಪೀಕರ್‌ಗಳಿಂದ ಸಮಾನ ದೂರದಲ್ಲಿ ಕುಳಿತಿರುವಷ್ಟು ಹೊತ್ತು ಮಾತ್ರ.

ಎಡ ಮತ್ತು ಬಲದ ಸ್ಪೀಕರ್‌ಗಳು 2 ಮೀಟರ್ ಅಂತರದಲ್ಲಿವೆ, ಕೇಳುವವರು 3 ಮೀಟರ್ ದೂರದಲ್ಲಿದ್ದಾರೆ ಎಂದುಕೊಳ್ಳೋಣ. ಒಬ್ಬರು ನಡುವಿನಿಂದ 1 ಮೀಟರ್ ಬಲಕ್ಕೆ ಸರಿದು ಕುಳಿತರೆ ಬಲದ ಸ್ಪೀಕರ್ ಅವರಿಗೆ ನೇರ ಎದುರಿಗೆ 3 ಮೀಟರ್‌ನಲ್ಲಿರುತ್ತದೆ, ಎಡದ್ದು ಸುಮಾರು 3.6 ಮೀಟರ್ ದೂರವಾಗುತ್ತದೆ. ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ ಎಡದ ದನಿ ಅವರನ್ನು ತಲುಪುವುದು ಸುಮಾರು 1.8 ಮಿಲಿಸೆಕೆಂಡ್ ತಡವಾಗಿ. ಅಷ್ಟು ಸಾಕು. ಒಂದೇ ದನಿ ಎರಡು ಕಡೆಯಿಂದ ಕೆಲವೇ ಮಿಲಿಸೆಕೆಂಡ್‌ಗಳ ಅಂತರದಲ್ಲಿ ಬಂದರೆ ನಮ್ಮ ಕಿವಿ ಮೊದಲು ಬಂದುದರ ದಿಕ್ಕನ್ನೇ ನಂಬುತ್ತದೆ. ಹೆಲ್ಮುಟ್ ಹಾಸ್ 1949ರಲ್ಲಿ ಇದನ್ನು ವಿವರವಾಗಿ ದಾಖಲಿಸಿದ್ದರಿಂದ ಇದಕ್ಕೆ ಹಾಸ್ ಪರಿಣಾಮವೆಂಬ ಹೆಸರೂ ಇದೆ. ಹೀಗಾಗಿ ತೆರೆಯ ನಡುವೆ ನಿಂತ ಪಾತ್ರದ ಮಾತು ಬಲಗಡೆ ಕುಳಿತವರಿಗೆ ಬಲದ ಸ್ಪೀಕರ್‌ನಿಂದಲೂ, ಎಡಗಡೆ ಕುಳಿತವರಿಗೆ ಎಡದ ಸ್ಪೀಕರ್‌ನಿಂದಲೂ ಬರುತ್ತದೆ.

ಸರಿಯಾಗಿ ನಡುವೆ ಕುಳಿತವರಿಗೂ ಒಂದು ಸಣ್ಣ ನಷ್ಟವಿದೆ. ಬಲಗಿವಿಗೆ ಬಲದ ಸ್ಪೀಕರ್‌ನ ದನಿ ಮೊದಲು ಬಂದು, ಎಡದ್ದು ತಲೆಯನ್ನು ಸುತ್ತಿಕೊಂಡು ಕಾಲು ಮಿಲಿಸೆಕೆಂಡಿನಷ್ಟು ತಡವಾಗಿ ಬರುತ್ತದೆ. ಎಡಗಿವಿಗೆ ಇದರ ತಿರುವುಮುರುವು. ಆ ತಡದಿಂದಾಗಿ 2000 ಹರ್ಟ್ಜ್, ಅಂದರೆ ಸೆಕೆಂಡಿಗೆ 2000 ಕಂಪನಗಳ ಸುತ್ತಮುತ್ತ ದನಿ ತುಸು ತಗ್ಗುತ್ತದೆ. ನಡುವೆ ನಿಜವಾದ ಸ್ಪೀಕರ್ ಇದ್ದರೆ ಎರಡೂ ಕಿವಿಗಳಿಗೆ ದನಿ ಏಕಕಾಲಕ್ಕೆ, ಒಂದೇ ಬಾರಿ ಬರುವುದರಿಂದ ಈ ತಗ್ಗು ಇರುವುದಿಲ್ಲ.

## ಮಾತಿನ ತಿರುಳು ಎಲ್ಲಿದೆ

ಧ್ವನಿ ಎಂದರೆ ಗಾಳಿಯ ಕಂಪನ. ಸೆಕೆಂಡಿಗೆ ಎಷ್ಟು ಕಂಪನ ಎಂಬುದು ಅದರ ಆವೃತ್ತಿ. ಅದನ್ನು ಹರ್ಟ್ಜ್‌ಗಳಲ್ಲಿ ಅಳೆಯುತ್ತಾರೆ. ಗಂಡಸರ ದನಿಯ ಮೂಲ ಆವೃತ್ತಿ ಸಾಮಾನ್ಯವಾಗಿ 100ರಿಂದ 130 ಹರ್ಟ್ಜ್ ಆಸುಪಾಸಿನಲ್ಲಿ, ಹೆಂಗಸರದು 200ರ ಆಸುಪಾಸಿನಲ್ಲಿ ಇರುತ್ತದೆ. ಮಾತಿಗೆ ಗಟ್ಟಿತನ ಬರುವುದು ಇಲ್ಲಿಂದ. ಆದರೆ ಮಾತು ಅರ್ಥವಾಗುವುದು ಇನ್ನೂ ಮೇಲಿನ ಆವೃತ್ತಿಗಳಿಂದ. ಕಾಲು, ಸಾಲು, ಪಾಲು, ಹಾಲು ಎಂಬ ನಾಲ್ಕು ಪದಗಳನ್ನು ಒಂದೇ ಸಮನೆ ಹೇಳಿ ನೋಡಿದರೆ ಇದು ಗೊತ್ತಾಗುತ್ತದೆ: ಜೋರಾಗಿ ಕೇಳಿಸುವ ಸ್ವರಭಾಗ ನಾಲ್ಕರಲ್ಲೂ ಒಂದೇ, ಪದವನ್ನು ಬೇರೆ ಮಾಡುವುದು ಮೊದಲಿಗೆ ಕ್ಷಣಮಾತ್ರ ಬಂದು ಹೋಗುವ ವ್ಯಂಜನ. ಆ ವ್ಯಂಜನಗಳ ಗುರುತು ಬಹುಪಾಲು 2000ರಿಂದ 4000 ಹರ್ಟ್ಜ್ ನಡುವೆ ಇರುತ್ತದೆ. ಸಕಾರದ ಸೀತ್ಕಾರ 8000ದವರೆಗೂ ಹೋಗುತ್ತದೆ. ಹಳೆಯ ದೂರವಾಣಿ 300ರಿಂದ 3400 ಹರ್ಟ್ಜ್‌ವರೆಗೆ ಮಾತ್ರ ಸಾಗಿಸುತ್ತಿದ್ದರೂ ಮಾತುಕತೆಗೆ ಅಡ್ಡಿಯಾಗುತ್ತಿರಲಿಲ್ಲ.

ಅಂದರೆ, ಸೆಂಟರ್ ಸ್ಪೀಕರ್ ಎಷ್ಟು ತಗ್ಗಿಗೆ ಇಳಿಯುತ್ತದೆ ಎಂಬುದಕ್ಕಿಂತ 300ರಿಂದ 4000 ಹರ್ಟ್ಜ್ ನಡುವೆ ಎಷ್ಟು ಸಮನಾಗಿ, ಎಷ್ಟು ಮಂದಿಗೆ ಒಂದೇ ರೀತಿಯಲ್ಲಿ ಕೇಳಿಸುತ್ತದೆ ಎಂಬುದು ಮುಖ್ಯ. ಸೆಂಟರ್ ಸ್ಪೀಕರ್‌ಗಳ ಸಾಮಾನ್ಯ ದೋಷ ಕಾಣಿಸಿಕೊಳ್ಳುವುದೂ ಇದೇ ಪ್ರದೇಶದಲ್ಲಿ.

## ಅಡ್ಡ ಮಲಗಿದ ಪೆಟ್ಟಿಗೆಯ ತೊಡಕು

ಸೆಂಟರ್ ಸ್ಪೀಕರ್ ಎಂದಾಕ್ಷಣ ಕಣ್ಣಿಗೆ ಬರುವುದು ನಡುವೆ ಒಂದು ಟ್ವೀಟರ್, ಅದರ ಎರಡೂ ಪಕ್ಕದಲ್ಲಿ ಒಂದೊಂದು ವೂಫರ್ ಇರುವ ಉದ್ದನೆಯ ಪೆಟ್ಟಿಗೆ. ಟ್ವೀಟರ್ ಎಂದರೆ ಮೇಲಿನ ಆವೃತ್ತಿಗಳನ್ನು ನುಡಿಸುವ ಚಿಕ್ಕ ಗುಮ್ಮಟ. ವೂಫರ್ ಎಂದರೆ ತಗ್ಗಿನ ಮತ್ತು ನಡುವಿನ ಆವೃತ್ತಿಗಳನ್ನು ನುಡಿಸುವ ದೊಡ್ಡ ಕೋನ್. ವೂಫರ್‌ನ ಕೆಲಸ ಮುಗಿದು ಟ್ವೀಟರ್‌ನದು ಶುರುವಾಗುವ ಗಡಿಯೇ ಕ್ರಾಸ್‌ಓವರ್. ಇಂಥ ಸ್ಪೀಕರ್‌ಗಳಲ್ಲಿ ಅದು ಸಾಮಾನ್ಯವಾಗಿ 2000ರಿಂದ 3000 ಹರ್ಟ್ಜ್ ನಡುವೆ ಇರುತ್ತದೆ. ಎರಡು ವೂಫರ್‌ಗಳ ನಡುವೆ ಟ್ವೀಟರ್ ಇಡುವ ಜೋಡಣೆಯನ್ನು 1980ರ ದಶಕದ ಮೊದಲ ಭಾಗದಲ್ಲಿ ವ್ಯವಸ್ಥಿತವಾಗಿ ರೂಪಿಸಿ ಪ್ರಚಾರಕ್ಕೆ ತಂದವರು ಜೋಸೆಫ್ ದಪೊಲಿಟೊ. ಆದರೆ ಅವರು ರೂಪಿಸಿದ್ದು ನೆಟ್ಟಗೆ ನಿಲ್ಲುವ ಸ್ಪೀಕರ್‌ಗೆ. ಅದನ್ನು ಮಲಗಿಸಿದ್ದು ಟಿವಿಯ ಕೆಳಗಿನ ಜಾಗಕ್ಕೆ ಹೊಂದಲೆಂದು. ಧ್ವನಿ ಕೇಳಿ ಮಾಡಿದ ಬದಲಾವಣೆ ಅದಲ್ಲ.

ಮಲಗಿಸಿದರೆ ಆಗುವುದೇನು? ನಿಂತ ಕೊಳದ ನೀರಿಗೆ ಎರಡು ಕಲ್ಲುಗಳನ್ನು ತುಸು ಅಂತರದಲ್ಲಿ ಒಟ್ಟಿಗೆ ಹಾಕಿದರೆ ಎರಡು ಉಂಗುರಗಳು ಹರಡಿ ಒಂದರೊಳಗೊಂದು ಹಾಯುತ್ತವೆ. ಕೆಲವೆಡೆ ಉಬ್ಬಿಗೆ ಉಬ್ಬು ಸೇರಿ ಅಲೆ ದೊಡ್ಡದಾಗುತ್ತದೆ, ಕೆಲವೆಡೆ ಉಬ್ಬಿಗೆ ತಗ್ಗು ಸೇರಿ ನೀರು ಅಲುಗದೆ ನಿಲ್ಲುತ್ತದೆ. ಒಂದೇ ದನಿಯನ್ನು ನುಡಿಸುವ ಎರಡು ವೂಫರ್‌ಗಳೂ ಹೀಗೆಯೇ. ನೇರ ಎದುರಿಗೆ ಕುಳಿತವರಿಗೆ ಎರಡೂ ಸಮಾನ ದೂರದಲ್ಲಿರುವುದರಿಂದ ದನಿ ಕೂಡಿಕೊಳ್ಳುತ್ತದೆ. ಪಕ್ಕಕ್ಕೆ ಸರಿದವರಿಗೆ ಒಂದು ಹತ್ತಿರ, ಇನ್ನೊಂದು ದೂರ. ಆ ದೂರದ ವ್ಯತ್ಯಾಸ ಯಾವ ಆವೃತ್ತಿಯ ಅರ್ಧ ತರಂಗದೂರಕ್ಕೆ (ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ದೂರದ ಅರ್ಧಕ್ಕೆ) ಸಮವಾಗುತ್ತದೋ ಆ ಆವೃತ್ತಿ ಅವರ ಮಟ್ಟಿಗೆ ಅಳಿಸಿಹೋಗುತ್ತದೆ.

ಲೆಕ್ಕ ಮಾಡಿ ನೋಡಬಹುದು. ವೂಫರ್‌ಗಳ ನಡುಬಿಂದುಗಳ ಅಂತರ 36 ಸೆಂಟಿಮೀಟರ್ ಇರಲಿ. 30 ಡಿಗ್ರಿ ಪಕ್ಕದಲ್ಲಿ ಕುಳಿತವರಿಗೆ ಎರಡರ ದೂರದ ವ್ಯತ್ಯಾಸ 18 ಸೆಂಟಿಮೀಟರ್ ಆಗುತ್ತದೆ. ಅದರ ಎರಡರಷ್ಟು, ಅಂದರೆ 36 ಸೆಂಟಿಮೀಟರ್ ತರಂಗದೂರವಿರುವ ಧ್ವನಿಯ ಆವೃತ್ತಿ ಸುಮಾರು 950 ಹರ್ಟ್ಜ್. 20 ಡಿಗ್ರಿ ಪಕ್ಕದವರಿಗೆ ಇದೇ ತಗ್ಗು ಸುಮಾರು 1400 ಹರ್ಟ್ಜ್‌ನಲ್ಲಿ ಬೀಳುತ್ತದೆ. 3 ಮೀಟರ್ ದೂರದಲ್ಲಿ 20 ಡಿಗ್ರಿ ಎಂದರೆ ನಡುವಿನಿಂದ 1.1 ಮೀಟರ್ ಪಕ್ಕಕ್ಕೆ ಮಾತ್ರ. ಮೂರು ಜನ ಕೂರುವ ಸೋಫಾದ ತುದಿಯವರು ಅಷ್ಟರಲ್ಲೇ ಇರುತ್ತಾರೆ. ಎರಡು ವೂಫರ್‌ಗಳೂ 2000 ಹರ್ಟ್ಜ್‌ವರೆಗೆ ಒಟ್ಟಿಗೆ ನುಡಿಯುವುದರಿಂದ ಈ ತಗ್ಗು ನೇರವಾಗಿ ಮಾತಿನ ನಡುವೆಯೇ ಬಂದು ಕೂರುತ್ತದೆ. ಕೋಣೆಯ ಗೋಡೆಗಳಿಂದ ಮರಳಿದ ಧ್ವನಿ ಅದನ್ನು ಸ್ವಲ್ಪ ತುಂಬುತ್ತದೆ, ಹಾಗಾಗಿ ಮಾತು ಪೂರ್ತಿ ಕಾಣೆಯಾಗುವುದಿಲ್ಲ, ಟೊಳ್ಳಾಗುತ್ತದೆ, ಮಸುಕಾಗುತ್ತದೆ. ದನಿ ಏರಿಸಿದರೂ ಸ್ಪಷ್ಟವಾಗುತ್ತಿಲ್ಲ ಎಂದು ಮನೆಯಲ್ಲಿ ಒಬ್ಬರು ಹೇಳುತ್ತಿದ್ದು ಇನ್ನೊಬ್ಬರಿಗೆ ಅದೇಕೆಂದು ಅರ್ಥವಾಗದಿದ್ದರೆ, ಇಬ್ಬರೂ ಎಲ್ಲಿ ಕೂರುತ್ತಾರೆ ಎಂದು ಮೊದಲು ನೋಡಬೇಕು.

ತಯಾರಕರಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಇದರಿಂದ ಪಾರಾಗಲು ಕೆಲವು ದಾರಿಗಳಿವೆ.

ಮೊದಲನೆಯದು 3-ವೇ ವಿನ್ಯಾಸ: ಮೇಲೆ ಕಂಡ 2-ವೇ ಪೆಟ್ಟಿಗೆಯಂತೆ ಎರಡಾಗಿ ಅಲ್ಲ, ಆವೃತ್ತಿಗಳನ್ನು ಮೂರು ಪಾಲು ಮಾಡಿ ಹಂಚುವುದು. ಎರಡು ವೂಫರ್‌ಗಳ ನಡುವೆ ನಡುವಿನ ಆವೃತ್ತಿಗಳನ್ನಷ್ಟೇ ನುಡಿಸುವ ಒಂದು ಚಿಕ್ಕ ಮಿಡ್‌ರೇಂಜ್ ಕೋನ್, ಅದರ ನೆತ್ತಿಯ ಮೇಲೆ ಟ್ವೀಟರ್. ಇಲ್ಲಿ ವೂಫರ್‌ಗಳು 500 ಹರ್ಟ್ಜ್ ಆಸುಪಾಸಿನಲ್ಲೇ ನಿಲ್ಲುತ್ತವೆ. ಮಾತಿನ ಮುಖ್ಯ ಭಾಗವನ್ನು ಒಂದೇ ಮಿಡ್‌ರೇಂಜ್ ನುಡಿಸುತ್ತದೆ. ವೂಫರ್‌ಗಳ ಅಂತರ 45 ಸೆಂಟಿಮೀಟರ್ ಇದ್ದರೂ 30 ಡಿಗ್ರಿಯಲ್ಲಿ ಅವು ಒಂದನ್ನೊಂದು ಅಳಿಸುವುದು ಸುಮಾರು 760 ಹರ್ಟ್ಜ್‌ನಲ್ಲಿ, ಅಷ್ಟರಲ್ಲಿ ಅವುಗಳ ದನಿ ಇಳಿದಿರುತ್ತದೆ. ಮಿಡ್‌ರೇಂಜ್ ಮತ್ತು ಟ್ವೀಟರ್ ಒಂದರ ಮೇಲೊಂದು ಇರುವುದರಿಂದ ಎಡಬಲಕ್ಕೆ ಕುಳಿತವರಿಗೆ ಅವುಗಳಿಂದಲೂ ತೊಂದರೆಯಿಲ್ಲ. ಮನೆಯಲ್ಲಿ ಹಲವರು ಕೂತು ನೋಡುವುದಾದರೆ ಅಡ್ಡ ಪೆಟ್ಟಿಗೆಗಳಲ್ಲಿ ಇದೇ ಮೇಲು.

ಎರಡನೆಯದು ಮಿಡ್‌ರೇಂಜ್ ಕೋನಿನ ನಡುಮಧ್ಯದಲ್ಲೇ ಟ್ವೀಟರ್ ಕೂರಿಸುವ ಏಕಕೇಂದ್ರ ಜೋಡಣೆ. ಟ್ಯಾನಾಯ್ ಕಂಪನಿ ಇಂಥ ಸ್ಪೀಕರನ್ನು 1940ರ ದಶಕದಲ್ಲೇ ತಂದಿತ್ತು. ಕೆಇಎಫ್‌ನ ಯೂನಿ-ಕ್ಯು 1988ರಲ್ಲಿ ಬಂತು. ದನಿ ಒಂದೇ ಬಿಂದುವಿನಿಂದ ಹೊರಡುವುದರಿಂದ ಪೆಟ್ಟಿಗೆಯನ್ನು ನಿಲ್ಲಿಸಿದರೂ ಮಲಗಿಸಿದರೂ ಒಂದೇ. ಆದರೆ ಏಕಕೇಂದ್ರ ಎಂಬ ಮಾತು ಕೇಳಿಯೇ ಒಪ್ಪಿಕೊಳ್ಳಬಾರದು. ಅದರ ಎರಡು ಪಕ್ಕದಲ್ಲಿ ವೂಫರ್‌ಗಳಿದ್ದರೆ ಅವು ಯಾವ ಆವೃತ್ತಿಯಲ್ಲಿ ನಿಲ್ಲುತ್ತವೆ ಎಂದು ನೋಡಬೇಕು. ಅವೂ 2000ದವರೆಗೆ ನುಡಿಯುತ್ತಿದ್ದರೆ ಹಳೆಯ ತೊಡಕು ಹಾಗೆಯೇ ಇರುತ್ತದೆ.

ಮೂರನೆಯದು ಎರಡೂವರೆ-ವೇ: ಎರಡು ವೂಫರ್‌ಗಳಲ್ಲಿ ಒಂದು ಮಾತ್ರ ಟ್ವೀಟರ್‌ವರೆಗೆ ಹೋಗುತ್ತದೆ, ಇನ್ನೊಂದು ಕೆಲವು ನೂರು ಹರ್ಟ್ಜ್‌ನಲ್ಲೇ ನಿಲ್ಲುತ್ತದೆ. ತೊಂದರೆ ಕಡಿಮೆಯಾಗುತ್ತದೆ, ಆದರೆ ಎಡಕ್ಕೂ ಬಲಕ್ಕೂ ದನಿ ತುಸು ಬೇರೆಯಾಗುತ್ತದೆ.

ಅಂಗಡಿಯಲ್ಲಿ ಇವನ್ನು ಗುರುತಿಸುವುದು ಕಷ್ಟವಲ್ಲ. ಮುಂದಿನ ಜಾಲರಿ ತೆಗೆದು ನೋಡಬೇಕು. ಟ್ವೀಟರ್ ಮತ್ತು ಎರಡು ವೂಫರ್‌ಗಳು ಒಂದೇ ಅಡ್ಡಗೆರೆಯಲ್ಲಿದ್ದು ಬೇರೇನೂ ಇಲ್ಲದಿದ್ದರೆ ಅದು ಹೆಚ್ಚಾಗಿ 2-ವೇ ಅಥವಾ ಎರಡೂವರೆ-ವೇ. ವಿವರ ಹಾಳೆಯಲ್ಲಿ ಕ್ರಾಸ್‌ಓವರ್ ಎಂಬಲ್ಲಿ ಒಂದೇ ಅಂಕಿ ಇದ್ದರೆ 2-ವೇ, ಎರಡು ಅಂಕಿಗಳಿದ್ದರೆ ಉಳಿದವು. 2-ವೇ ಸೆಂಟರ್ ಕೊಳ್ಳಲೇಬಾರದೆಂದಲ್ಲ. ನೋಡುವವರು ಒಬ್ಬಿಬ್ಬರೇ ಆಗಿದ್ದು ನಡುವೆಯೇ ಕೂರುವುದಾದರೆ, ಅಥವಾ ಕೋಣೆ ಉದ್ದವಾಗಿದ್ದು ದೂರದಿಂದ ನೋಡುವುದಾದರೆ ಕೋನ ಕಿರಿದಾಗುವುದರಿಂದ ಅದರ ದೋಷ ಅಷ್ಟಾಗಿ ತಟ್ಟುವುದಿಲ್ಲ. ಅಗಲವಾದ ಸೋಫಾ, ಹತ್ತಿರದ ಟಿವಿ ಇದ್ದಲ್ಲಿ ಮಾತ್ರ ಅದು ತಪ್ಪು ಆಯ್ಕೆ.

ಇನ್ನೊಂದು ದಾರಿಯನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ: ಎಡಬಲದಲ್ಲಿರುವಂಥದೇ ಮೂರನೆಯ ಬುಕ್‌ಶೆಲ್ಫ್ (ಕಪಾಟಿನಲ್ಲಿ ಕೂರುವಷ್ಟು ಚಿಕ್ಕ) ಸ್ಪೀಕರನ್ನು ನೆಟ್ಟಗೆ ನಡುವೆ ನಿಲ್ಲಿಸುವುದು. ಟಿವಿಯನ್ನು ಗೋಡೆಗೆ ಹಾಕಿ ಕೆಳಗೆ ಜಾಗ ಮಾಡಿಕೊಳ್ಳಬಲ್ಲವರಿಗೆ, ಪ್ರೊಜೆಕ್ಟರ್ ಇಟ್ಟು ಧ್ವನಿ ಹಾಯುವ ತೆರೆ ಬಳಸುವವರಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಬುಕ್‌ಶೆಲ್ಫ್‌ಗಳನ್ನು ಜೋಡಿಯಾಗಿಯೇ ಮಾರುವವರು ಹೆಚ್ಚು ಎಂಬುದೊಂದೇ ಅಡ್ಡಿ.

## ಎಡಬಲದ ಜೊತೆ ದನಿ ಬೆರೆಯುವುದು

ಕಾರೊಂದು ತೆರೆಯ ಎಡದಿಂದ ಬಲಕ್ಕೆ ಹಾಯುವಾಗ ಅದರ ಸದ್ದು ಎಡ, ನಡು, ಬಲ ಹೀಗೆ ಮೂರು ಪೆಟ್ಟಿಗೆಗಳನ್ನು ದಾಟಿ ಹೋಗುತ್ತದೆ. ನಡುವಿನದರ ನಾದಗುಣ ಬೇರೆಯಾಗಿದ್ದರೆ ನಡುವೆ ಬಂದಾಗ ಕಾರೇ ಬದಲಾದಂತಾಗುತ್ತದೆ. ಮಾತಾಡುತ್ತ ತೆರೆಯ ಅಂಚಿಗೆ ನಡೆಯುವ ಪಾತ್ರದ ದನಿಯೂ ಹಾಗೆಯೇ. ಇದಕ್ಕಾಗಿಯೇ ಸೆಂಟರನ್ನು ಎಡಬಲದ ಸ್ಪೀಕರ್‌ಗಳ ಅದೇ ಕಂಪನಿಯ ಅದೇ ಸರಣಿಯಿಂದ ಕೊಳ್ಳಬೇಕೆಂದು ಹೇಳುವುದು. ಒಂದೇ ಸರಣಿಯಲ್ಲಿ ಸಾಮಾನ್ಯವಾಗಿ ಟ್ವೀಟರ್ ಒಂದೇ ಆಗಿರುತ್ತದೆ, ಕೋನ್‌ಗಳು ಒಂದೇ ವಸ್ತುವಿನವಾಗಿರುತ್ತವೆ. ಕಂಪನಿ ಒಂದೇ ಆಗಿದ್ದು ಸರಣಿ ಬೇರೆಯಾದರೆ ಈ ಭರವಸೆ ಇರುವುದಿಲ್ಲ.

ಎಡಬಲದ ಸ್ಪೀಕರ್‌ಗಳು ಹಳೆಯವಾಗಿದ್ದು ಆ ಸರಣಿ ನಿಂತುಹೋಗಿದ್ದರೆ ಮೊದಲು ಟ್ವೀಟರ್ ಹೋಲಿಸಬೇಕು: ಅದು ಬಟ್ಟೆಯ ಗುಮ್ಮಟವೋ, ಲೋಹದ್ದೋ, ಕಹಳೆಯಂಥ ಬಾಯಿಯೊಳಗೆ ಕೂತದ್ದೋ. ಬಟ್ಟೆಯ ಟ್ವೀಟರ್‌ಗಳ ನಡುವೆ ಕಹಳೆಬಾಯಿಯದನ್ನು ಇಟ್ಟರೆ ಹೊಂದುವುದು ಅಪರೂಪ. ಈಗಿನ ರಿಸೀವರ್‌ಗಳಲ್ಲಿ, ಅಂದರೆ ಚಾನೆಲ್‌ಗಳನ್ನು ಬಿಡಿಸಿ ಸ್ಪೀಕರ್‌ಗಳಿಗೆ ಶಕ್ತಿ ಕೊಡುವ ಪೆಟ್ಟಿಗೆಗಳಲ್ಲಿ, ಮೈಕ್ ಇಟ್ಟು ಕೋಣೆಯನ್ನು ಅಳೆದು ದನಿ ತಿದ್ದುವ ಆಡಿಸ್ಸಿ, ಡಿರಾಕ್ ಮುಂತಾದ ವ್ಯವಸ್ಥೆಗಳಿವೆ. ಅವು ಸಣ್ಣಪುಟ್ಟ ವ್ಯತ್ಯಾಸವನ್ನು ಮುಚ್ಚಬಲ್ಲವು. ಆದರೆ ಸ್ಪೀಕರ್ ಪಕ್ಕಕ್ಕೆ ಹೇಗೆ ಹರಡುತ್ತದೆ ಎಂಬುದನ್ನು ಬದಲಿಸಲಾರವು. ಹಿಂದೆ ಹೇಳಿದ ಅಳಿಸುವಿಕೆಯನ್ನು ಒಂದು ಕುರ್ಚಿಗೆ ತಿದ್ದಿದರೆ ಇನ್ನೊಂದು ಕುರ್ಚಿಗೆ ದನಿ ಕೆಡುತ್ತದೆ.

ಹೊಂದಿಕೆಯನ್ನು ಪರೀಕ್ಷಿಸಲು ರಿಸೀವರ್‌ನಲ್ಲೇ ಸಾಧನವಿದೆ. ಅದರ ಪರೀಕ್ಷಾ ಸದ್ದನ್ನು ಹಾಕಿದರೆ ಎಡ, ನಡು, ಬಲಗಳಲ್ಲಿ ಒಂದಾದ ಮೇಲೊಂದರಂತೆ ಮಳೆ ಸುರಿದಂಥ ಒಂದೇ ಸಮನೆಯ ಸದ್ದು ಬರುತ್ತದೆ. ಕಣ್ಣು ಮುಚ್ಚಿ ಕೇಳಬೇಕು. ಜಾಗ ಮಾತ್ರ ಬದಲಾಗಿ ಸದ್ದು ಹಾಗೆಯೇ ಉಳಿದರೆ ಹೊಂದಿಕೆ ಚೆನ್ನಾಗಿದೆ. ನಡುವೆ ಬಂದಾಗ ಮೂಗಿನಲ್ಲಿ ನುಡಿದಂತಾದರೆ, ಅಥವಾ ಚುರುಕಾಗಿ ಕಿವಿಗೆ ಚುಚ್ಚಿದರೆ ವ್ಯತ್ಯಾಸವಿದೆ. ತೀರ್ಮಾನಕ್ಕೆ ಬರುವ ಮುನ್ನ ಸ್ಪೀಕರನ್ನು ಇಟ್ಟಿರುವ ಜಾಗವನ್ನೂ ಒಮ್ಮೆ ಬದಲಿಸಿ ನೋಡುವುದು ನ್ಯಾಯ.

## ವಿವರ ಹಾಳೆಯ ಅಂಕಿಗಳು

ಅಲ್ಲಿ ಎದ್ದು ಕಾಣುವಂತೆ ಮುದ್ರಿಸಿರುವ ವ್ಯಾಟ್ ಅಂಕಿಗೆ ಹೆಚ್ಚು ಬೆಲೆ ಕೊಡಬೇಕಿಲ್ಲ. ಅದು ಸ್ಪೀಕರ್ ಎಷ್ಟು ವಿದ್ಯುತ್ತನ್ನು ತಾಳಿಕೊಳ್ಳುತ್ತದೆ ಎಂಬುದನ್ನು ಹೇಳುತ್ತದೆಯೇ ಹೊರತು ಎಷ್ಟು ಜೋರಾಗಿ ನುಡಿಯುತ್ತದೆ ಎಂಬುದನ್ನಲ್ಲ. ಜೋರನ್ನು ಹೇಳುವುದು ಸೆನ್ಸಿಟಿವಿಟಿ: ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್. 3 ಡೆಸಿಬಲ್ ಹೆಚ್ಚಬೇಕಾದರೆ ಎರಡರಷ್ಟು ಶಕ್ತಿ ಬೇಕು, 10 ಹೆಚ್ಚಬೇಕಾದರೆ ಹತ್ತರಷ್ಟು. ಹಾಗಾಗಿ 85 ಡೆಸಿಬಲ್‌ನ ಸ್ಪೀಕರ್ 91ರದರಷ್ಟು ಜೋರಾಗಿ ನುಡಿಯಲು ನಾಲ್ಕು ಪಟ್ಟು ಶಕ್ತಿ ಕೇಳುತ್ತದೆ.

ಉದಾಹರಣೆಗೆ, 87 ಡೆಸಿಬಲ್ ಸೆನ್ಸಿಟಿವಿಟಿಯ ಸೆಂಟರ್‌ನಿಂದ 3 ಮೀಟರ್ ದೂರ ಕುಳಿತರೆ ದೂರದಿಂದಾಗಿ ಸುಮಾರು 9.5 ಡೆಸಿಬಲ್ ಕಡಿಮೆಯಾಗುತ್ತದೆ. ಅಲ್ಲಿಗೆ 95 ಡೆಸಿಬಲ್‌ನ ಗಳಿಗೆಯ ಅಬ್ಬರ ತಲುಪಬೇಕಾದರೆ ಸುಮಾರು 56 ವ್ಯಾಟ್ ಬೇಕಾಗುತ್ತದೆ. ಕೋಣೆಯ ಗೋಡೆಗಳ ನೆರವಿರುವುದರಿಂದ ನಿಜದಲ್ಲಿ ಇನ್ನೂ ಕಡಿಮೆ ಸಾಕು. ಸಾಧಾರಣ ರಿಸೀವರ್ ಇಷ್ಟನ್ನು ಕೊಡಬಲ್ಲದು. ಚಿತ್ರಮಂದಿರದ ಮಟ್ಟವಾದ 105 ಡೆಸಿಬಲ್ ಬೇಕೆಂದರೆ ಇದರ ಹತ್ತರಷ್ಟಾಗುತ್ತದೆ, ಆಗ ಸೆನ್ಸಿಟಿವಿಟಿ ನಿಜಕ್ಕೂ ಮುಖ್ಯವಾಗುತ್ತದೆ.

ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆಯಾದ, ಓಮ್‌ಗಳಲ್ಲಿ ಹೇಳುವ ಇಂಪಿಡೆನ್ಸ್ 4ಕ್ಕೆ ಇಳಿದಿದ್ದರೆ ರಿಸೀವರ್ ಅದಕ್ಕೆ ತಕ್ಕುದೇ ಎಂದು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಆವೃತ್ತಿಯ ವ್ಯಾಪ್ತಿಯನ್ನು ಕೊಟ್ಟಿರುವಲ್ಲಿ ಪಕ್ಕದಲ್ಲಿ ಪ್ಲಸ್ ಅಥವಾ ಮೈನಸ್ 3 ಡೆಸಿಬಲ್ ಎಂದಿಲ್ಲದಿದ್ದರೆ ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಸಬ್‌ವೂಫರ್ ಇರುವ ಮನೆಯಲ್ಲಿ ಸೆಂಟರ್ 80 ಹರ್ಟ್ಜ್‌ವರೆಗೆ ಸಮನಾಗಿ ಇಳಿದರೆ ಸಾಕು. ಹಳೆಯ ಮಾದರಿಗಳಲ್ಲಿ ಕಾಣುವ ಕಾಂತೀಯ ಕವಚದ ವಿಷಯ ಈಗ ಬೇಡ. ಅದು ಬೇಕಾಗಿದ್ದುದು ಅಯಸ್ಕಾಂತ ಹತ್ತಿರ ಬಂದರೆ ಬಣ್ಣಗೆಡುತ್ತಿದ್ದ ಪಿಕ್ಚರ್ ಟ್ಯೂಬ್ ಟಿವಿಗಳಿಗೆ.

## ಇಡುವ ಜಾಗ

ಒಳ್ಳೆಯ ಸೆಂಟರ್ ಕೂಡ ಕೆಟ್ಟ ಜಾಗದಲ್ಲಿ ಕೆಡುತ್ತದೆ. ಹೆಚ್ಚಾಗಿ ಆಗುವುದು ಟಿವಿ ಸ್ಟ್ಯಾಂಡಿನ ಗೂಡಿನೊಳಗೆ ಅದನ್ನು ಒಳಕ್ಕೆ ತಳ್ಳಿಬಿಡುವುದು. ಆಗ ಸ್ಪೀಕರ್‌ನ ಮುಂದೆ ಒಂದು ಗೇಣು ಹಲಗೆ ಉಳಿಯುತ್ತದೆ. ದನಿ ಆ ಹಲಗೆಗೆ ಬಡಿದು, ನೇರ ಬಂದ ದನಿಯ ಹಿಂದೆಯೇ ಬಂದು ಅದನ್ನು ಕೆಡಿಸುತ್ತದೆ. ಗೂಡಿನ ಗೋಡೆಗಳು ತಗ್ಗಿನ ಆವೃತ್ತಿಗಳನ್ನು ಉಬ್ಬಿಸುವುದರಿಂದ ಗಂಡಸರ ಮಾತು ಗುಂಯ್‌ಗುಟ್ಟುತ್ತದೆ. ಪೆಟ್ಟಿಗೆಯ ಮುಂಗಡೆ ಹಲಗೆಯ ಅಂಚಿಗೆ ಸಮನಾಗಿ, ಬೇಕಿದ್ದರೆ ಒಂದೆರಡು ಬೆರಳು ಹೊರಗೇ ಇರುವಂತೆ ಎಳೆದಿಡಬೇಕು. ಹಿಂಬದಿಯಲ್ಲಿ ಗಾಳಿಯ ಕೊಳವೆ ಇರುವ ಮಾದರಿಗಳಿಗೆ ಹಿಂದೆಯೂ ಜಾಗ ಬೇಕು. ಗೂಡಿನೊಳಗೇ ಇಡಬೇಕಾದ ಅನಿವಾರ್ಯವಿದ್ದರೆ ಕೊಳವೆ ಇಲ್ಲದ ಮುಚ್ಚಿದ ಪೆಟ್ಟಿಗೆಯೋ ಮುಂದಕ್ಕೆ ಕೊಳವೆ ಇರುವುದೋ ಸರಿ.

ಎತ್ತರದ ವಿಷಯದಲ್ಲಿ ಕಿವಿ ಸ್ವಲ್ಪ ಉದಾರಿ. ಎಡಬಲದ ದಿಕ್ಕನ್ನು ಗುರುತಿಸುವಷ್ಟು ನಿಖರವಾಗಿ ಅದು ಮೇಲುಕೆಳಗನ್ನು ಗುರುತಿಸುವುದಿಲ್ಲ, ಮೇಲಾಗಿ ಬಾಯಿ ಅಲ್ಲಾಡುವುದು ಕಣ್ಣಿಗೆ ಕಾಣುತ್ತಿರುವಾಗ ದನಿ ಅಲ್ಲಿಂದಲೇ ಬಂದಂತೆ ಮನಸ್ಸು ಒಪ್ಪಿಕೊಳ್ಳುತ್ತದೆ. ಆದರೆ ಮೊಣಕಾಲಿನ ಮಟ್ಟದಲ್ಲಿಟ್ಟ ಸ್ಪೀಕರ್ ಮೊಣಕಾಲಿನ ಕಡೆಗೇ ನುಡಿದರೆ ಟ್ವೀಟರ್‌ನ ದನಿ ಕಿವಿಗೆ ಪೂರ್ತಿ ಬರುವುದಿಲ್ಲ. ಮುಂಭಾಗದ ಕೆಳಗೆ ರಬ್ಬರಿನ ಬೆಣೆ ಕೊಟ್ಟು ಕಿವಿಯ ಕಡೆಗೆ ಓರೆಮಾಡಬೇಕು. ಟಿವಿಯ ಮೇಲಿಟ್ಟಿದ್ದರೆ ಕೆಳಕ್ಕೆ ಬಾಗಿಸಬೇಕು. ಸೋಫಾದ ಮುಂದೆ ಗಾಜಿನ ಮೇಜಿದ್ದರೆ ಅದರ ಮೇಲೊಂದು ಬಟ್ಟೆ ಹಾಸಿ ಕೇಳಿ ನೋಡಬಹುದು, ವ್ಯತ್ಯಾಸ ಕೆಲವೊಮ್ಮೆ ಅಚ್ಚರಿ ತರುವಷ್ಟಿರುತ್ತದೆ.

## ಕೇಳಿ ನೋಡುವುದು, ಹೊಂದಿಸುವುದು

ಅಂಗಡಿಯಲ್ಲಿ ಸ್ಫೋಟದ ದೃಶ್ಯ ತೋರಿಸುತ್ತಾರೆ; ಸೆಂಟರನ್ನು ತೂಗಲು ಅದು ಪ್ರಯೋಜನಕ್ಕೆ ಬಾರದು. ಉಳಿದ ಸ್ಪೀಕರ್‌ಗಳನ್ನು ಬಂದ್ ಮಾಡಿಸಿ ಸೆಂಟರ್ ಒಂದರಲ್ಲೇ ವಾರ್ತೆ ಓದುವವರ ಅಥವಾ ಪರಿಚಿತರೊಬ್ಬರ ಮಾತನ್ನು ಹಾಕಿಸಬೇಕು. ನಡುವಿನ ಕುರ್ಚಿಯಲ್ಲಿ ಒಂದೆರಡು ನಿಮಿಷ ಕೇಳಿ, ಮಾತು ನಿಲ್ಲದಂತೆಯೇ ಎದ್ದು ಕಿವಿಯನ್ನು ಕುಳಿತ ಎತ್ತರದಲ್ಲೇ ಇಟ್ಟುಕೊಂಡು ನಿಧಾನವಾಗಿ ಪಕ್ಕಕ್ಕೆ ಸರಿಯಬೇಕು. ನೋಡುವವರಿಗೆ ವಿಚಿತ್ರವೆನಿಸಬಹುದು. ದನಿ ತುಸು ಸಣ್ಣದಾಗುವುದು ಸಹಜ. ಒಂದು ಹಂತದಲ್ಲಿ ಅದು ಟೊಳ್ಳಾಗಿ, ಇನ್ನಷ್ಟು ಸರಿದಾಗ ಮತ್ತೆ ಬೇರೆ ರೀತಿಯಾದರೆ ಅದೇ ವೂಫರ್‌ಗಳ ಗುದ್ದಾಟ. ಸೆಂಟರನ್ನು ಅಲ್ಲೇ ನೆಟ್ಟಗೆ ನಿಲ್ಲಿಸಿ ಮತ್ತೊಮ್ಮೆ ಹಾಗೆಯೇ ಸರಿದರೆ ಅನುಮಾನ ಪೂರ್ತಿ ಬಗೆಹರಿಯುತ್ತದೆ.

ಮನೆಗೆ ತಂದ ಮೇಲೆ ರಿಸೀವರ್‌ನಲ್ಲಿ ಸೆಂಟರನ್ನು ಸ್ಮಾಲ್ ಎಂದು ಇಟ್ಟು, ಸಬ್‌ವೂಫರ್‌ಗೂ ಅದಕ್ಕೂ ನಡುವಿನ ಕ್ರಾಸ್‌ಓವರನ್ನು 80 ಹರ್ಟ್ಜ್‌ಗೆ ಕೊಡುವುದು ವಾಡಿಕೆ. ಸ್ಮಾಲ್ ಎಂಬುದು ಪೆಟ್ಟಿಗೆಯ ಗಾತ್ರದ ಮಾತಲ್ಲ, ತಗ್ಗಿನ ಭಾಗವನ್ನು ಸಬ್‌ವೂಫರ್‌ಗೆ ಕಳುಹಿಸು ಎಂಬ ಸೂಚನೆ. ಪೆಟ್ಟಿಗೆ ತೀರಾ ಚಿಕ್ಕದಾಗಿದ್ದರೆ 100 ಅಥವಾ 120 ಕೊಡಬಹುದು. ಪರೀಕ್ಷಾ ಸದ್ದಿನಲ್ಲಿ ಮೂರೂ ಸ್ಪೀಕರ್‌ಗಳು ಕುಳಿತ ಜಾಗದಲ್ಲಿ ಸಮನಾದ ಡೆಸಿಬಲ್ ತೋರಬೇಕು. ಅದಾದ ಮೇಲೆ ಮಾತಿಗಾಗಿ ಸೆಂಟರನ್ನು ಒಂದೆರಡು ಡೆಸಿಬಲ್ ಏರಿಸಿಕೊಂಡರೆ ತಪ್ಪೇನಿಲ್ಲ. ಐದಾರು ಏರಿಸಬೇಕಾಗಿ ಬಂದರೆ ಜಾಗವನ್ನೋ ಸ್ಪೀಕರನ್ನೋ ಮತ್ತೆ ನೋಡಬೇಕು. ಹಾಗೆಯೇ ಟಿವಿ ಅಥವಾ ಪ್ಲೇಯರ್ ರಿಸೀವರ್‌ಗೆ ಎರಡೇ ಚಾನೆಲ್ ಕಳುಹಿಸುತ್ತಿಲ್ಲ ಎಂದು ರಿಸೀವರ್‌ನ ಪರದೆಯಲ್ಲಿ ಖಚಿತ ಮಾಡಿಕೊಳ್ಳಬೇಕು. ಸ್ಟೀರಿಯೊ ಎಂದು ತೋರಿಸುತ್ತಿದ್ದರೆ ಸೆಂಟರ್ ಸುಮ್ಮನಿರುತ್ತದೆ, ಇಲ್ಲವೇ ರಿಸೀವರ್ ಊಹಿಸಿ ಬಿಡಿಸಿಕೊಟ್ಟದ್ದನ್ನು ನುಡಿಯುತ್ತಿರುತ್ತದೆ.

ಇಷ್ಟೆಲ್ಲ ನೋಡಿಯೂ ಹೊಂದುವ ಸೆಂಟರ್ ಸಿಗದಿದ್ದರೆ, ಅಥವಾ ಇಡಲು ಸರಿಯಾದ ಜಾಗವೇ ಇಲ್ಲದಿದ್ದರೆ, ಸದ್ಯಕ್ಕೆ ಅದಿಲ್ಲದೆಯೇ ಇರಬಹುದು. ರಿಸೀವರ್‌ನಲ್ಲಿ ಸೆಂಟರ್ ಎಂಬಲ್ಲಿ ನನ್ (ಇಲ್ಲ) ಎಂದು ಕೊಟ್ಟರೆ ನಡುವಿನ ಚಾನೆಲ್‌ನ ಧ್ವನಿ ಕಳೆದುಹೋಗುವುದಿಲ್ಲ. ರಿಸೀವರ್ ಅದನ್ನು 3 ಡೆಸಿಬಲ್ ತಗ್ಗಿಸಿ ಎಡ ಮತ್ತು ಬಲಕ್ಕೆ ಸಮನಾಗಿ ಹಂಚುತ್ತದೆ. ಒಬ್ಬರೇ ನಡುವೆ ಕುಳಿತು ನೋಡುವ ಕೋಣೆಯಲ್ಲಿ, ಒಳ್ಳೆಯ ಎಡಬಲದ ಜೋಡಿಯಿದ್ದರೆ, ಹೊಂದದ ಸೆಂಟರ್‌ಗಿಂತ ಈ ಏರ್ಪಾಡಿನಲ್ಲಿ ಮಾತು ಸ್ಪಷ್ಟವಾಗಿ ಕೇಳಿಸುವುದುಂಟು. ಮುಂದೆ ಅದೇ ಸರಣಿಯ ಸೆಂಟರ್ ಸಿಕ್ಕಾಗ ಆ ಒಂದು ಆಯ್ಕೆಯನ್ನು ಬದಲಿಸಿ, ಮಟ್ಟ ಮತ್ತು ದೂರವನ್ನು ಹೊಸದಾಗಿ ಅಳೆದುಕೊಂಡರೆ ಆಯಿತು.